ಬೊಂಗ್‌ಛಿ ಹೆಸರಿನಲ್ಲಿ ಬಂದ ಕಮಲಗಳು

ಇದು ನಡೆದದ್ದೇ. ಸುಳ್ಳಾದರೆ ಇನ್ನು ಮುಂದೆ ನಾನು ಬಿಡಿಸುವ ಪ್ರತಿ ಸಿಂಪಿಯೊಳಗೂ ಬರೀ ಕೆಸರೇ ಸಿಗಲಿ. ನಮ್ಮ ಅಳಿವೆಯ ಮೀನೊಂದು ದೋಣಿಯನ್ನು ಎಳೆದುಕೊಂಡು ಹೋಗಿ ಚೀನಾದ ದಡ ಮುಟ್ಟಿಸಿ, ಅಲ್ಲಿ ಊಟ ಮುಗಿಯುವ ತನಕ ಕಾದು ವಾಪಸು ತಂದ ಕಥೆ ಹೇಳಿದ್ದೆನಲ್ಲ, ಅದನ್ನು ಅರ್ಧ ನಂಬಿದರೆ ಸಾಕು. ಇದನ್ನು ಪೂರ್ತಿ ನಂಬಬೇಕು. ಈ ಶೆಡ್ಡಿನಲ್ಲಿ ಕೂತ ಯಾವ ಹೆಂಗಸನ್ನಾದರೂ ಕೇಳಿ. ಕೇಳಿದರೆ ಅವರು ಅಳುತ್ತಾರೆ, ಕೆಲಸ ನಿಲ್ಲುತ್ತದೆ. ಅದಕ್ಕೇ ನಾನು ಹೇಳುತ್ತೇನೆ.

ಬೊಂಗ್‌ಛಿ ನಮ್ಮ ಜೊತೆ ಸಿಂಪಿ ಬಿಡಿಸುತ್ತಿದ್ದವಳು. ಆ ಹೆಸರಿಗೆ ‘ಹೇಗೋ ಸಾಕಿಕೊಳ್ಳಿ’ ಎಂದು ಅರ್ಥ. ಗಂಡು ಮಗು ಬೇಕೆಂದು ಕಾದವರ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಹಿಂದಿನವರು ಇಡುತ್ತಿದ್ದ ಹೆಸರು ಅದು. ಅವಳಿಗೆ ಅದರ ಬಗ್ಗೆ ಬೇಜಾರೇನೂ ಇರಲಿಲ್ಲ. “ನನ್ನನ್ನ ಯಾರೂ ಸಾಕ್ಲಿಲ್ಲ ಕಣೇ ಸೋಲ್ಯೆನ್, ನನ್ನ ಬಾಯಿ ನನ್ನನ್ನ ಸಾಕ್ತು” ಎಂದು ನನಗೆ ಹೇಳುತ್ತಿದ್ದಳು. ಬಾಯಿ ಎಂದರೆ ಎಂಥ ಬಾಯಿ. ಅವಳು ದಂಡೆಯ ಮೇಲೆ ನಿಂತು ಬೈದರೆ ಅಳಿವೆಯ ಆಚೆ ದಡದಲ್ಲಿ ಬೆಳ್ಳಕ್ಕಿಗಳು ಏಳುತ್ತಿದ್ದವು. ಒಮ್ಮೆ ಸಿಂಪಿ ಗಾಡಿಯವನಿಗೆ ಬೈದದ್ದಕ್ಕೆ ಗಾಡಿಯ ಟೈರಿನ ಗಾಳಿ ತಾನೇ ಇಳಿದುಹೋಯಿತು. ಅದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಗಂಡ ಹೋದ ಮೇಲೆ ಅವಳು ಒಂದು ಹುಂಜ ಸಾಕಿದ್ದಳು. “ಇಬ್ಬರಲ್ಲಿ ಇವನೇ ವಾಸಿ, ಬೆಳಿಗ್ಗೆ ಆದ್ರೂ ಏಳ್ತಾನೆ” ಎನ್ನುವುದು ಅವಳ ಮಾತು. ತಂಗಿಯೊಬ್ಬಳು ಕಾವ್‌ಶಿಯಂಗ್ ಪಟ್ಟಣದಲ್ಲಿದ್ದಳು. ಬಂದಿರು ಎಂದು ಕರೆದರೂ ಇವಳು ಹೋಗಲಿಲ್ಲ. ಅಲ್ಲಿ ಬೈಯುವುದಕ್ಕೆ ಪರಿಚಯದವರು ಬೇಕಲ್ಲ.

ಸಿಂಪಿ ಬಿಡಿಸುವ ನಮ್ಮದೊಂದು ಮೆಸೇಜ್ ಗುಂಪು. ನಮ್ಮ ವಯಸ್ಸಿನವರಿಗೆ ಇಲ್ಲೆಲ್ಲ ಇರುವ ಚಟ ನಮಗೂ ಇದೆ: ಬೆಳಗಾದರೆ ಒಂದು ಕಮಲದ ಚಿತ್ರ, ಇಲ್ಲವೇ ಸೂರ್ಯ, ಇಲ್ಲವೇ ನಗುವ ಬುದ್ಧ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಶುಭೋದಯ, ಇಂದೂ ನಗುತ್ತಿರಿ’. ಮೊಮ್ಮಕ್ಕಳು ನಮ್ಮನ್ನು ನೋಡಿ ನಗುತ್ತಾರೆ. ಆದರೆ ನಮಗೆ ಅದು ಹಾಜರಿ. ಚಿತ್ರ ಬಂತೆಂದರೆ ಆಕೆ ಬದುಕಿದ್ದಾಳೆ. ಸಿಂಪಿ ಗಾಡಿ ಬರುವ ಹೊತ್ತಾದರೂ ಬಾರದಿದ್ದರೆ ಹತ್ತಿರದ ಮನೆಯವಳು ಹೋಗಿ ಬಾಗಿಲು ಬಡಿಯಬೇಕು. ಈ ನೇಮ ಮಾಡಿದವಳೂ ಬೊಂಗ್‌ಛಿಯೇ, ಗುಂಪು ಕಟ್ಟಿದವಳೂ ಅವಳೇ.

ತೊಂದರೆ ಬಂದದ್ದು ಬೆರಳಿನಿಂದ. ಹುಡುಗಿಯಾಗಿದ್ದಾಗಿನಿಂದ ಉಪ್ಪುನೀರಿನಲ್ಲಿ ಚಿಪ್ಪು ಹಿಡಿದ ಕೈ. ಬೆರಳ ತುದಿ ಸವೆದು, ಕೊಯ್ದು, ಒರಟಾಗಿ, ಫೋನಿಗೆ ಅದು ಮನುಷ್ಯರ ಬೆರಳೆಂದೇ ತಿಳಿಯುತ್ತಿರಲಿಲ್ಲ. ಅವಳು ಒತ್ತುತ್ತಿದ್ದಳು, ಅದು ಸುಮ್ಮನಿರುತ್ತಿತ್ತು. ಕೊನೆಗೆ ಮೂಗಿನ ತುದಿಯಿಂದ ಒತ್ತುವುದನ್ನು ಕಲಿತಳು. ಮೂಗಿಗೆ ಗುರಿ ಕಡಿಮೆ. ಒಂದು ಬೆಳಿಗ್ಗೆ ನಮಗೆ ಬರಬೇಕಾದ ಬುದ್ಧನ ಚಿತ್ರ ಮೀನು ಹರಾಜಿನವನಿಗೆ ಹೋಗಿ, ಅವನು ಹೆದರಿ ಆ ದಿನವೆಲ್ಲ ತೂಕ ಸರಿಯಾಗಿ ಹಾಕಿದನಂತೆ.

ಹೀಗಾಗಿ ಅವಳ ಚಿತ್ರ ಯಾವಾಗಲೂ ತಡ. ತಡವಾದರೆ ನಾನು ಹೋಗಿ ಬಾಗಿಲು ಬಡಿಯುತ್ತಿದ್ದೆ. ಅವಳು ಗಂಜಿಯ ಬಟ್ಟಲು ಹಿಡಿದುಕೊಂಡೇ ಬಂದು ತೆಗೆಯುತ್ತಿದ್ದಳು.

“ಸತ್ತಿಲ್ಲ. ಹೋಗು.”

“ಚಿತ್ರ ಬರ್ಲಿಲ್ಲ.”

“ಚಿತ್ರ ಬರ್ಲಿಲ್ಲ ಅಂದ್ರೆ ಸತ್ತೇ ಹೋದ್ನಾ? ದಿನಾ ಬೆಳಿಗ್ಗೆ ನನ್ನನ್ನ ಸಾಯಿಸ್ತೀರಲ್ಲೇ. ಗಂಜಿ ಕುಡಿಯೋಕೂ ಬಿಡಲ್ಲ.”

“ನೇಮ ಮಾಡಿದ್ದು ಯಾರಕ್ಕ?”

“ನಾನೇ. ಆದ್ರೆ ಅದು ನಿಮಗೆ ಅಂತ ಮಾಡಿದ್ದು.”

ಆಗಲೇ ಅವಳ ಫೋನಿನಲ್ಲಿ ಒಂದು ಜಾಹೀರಾತು ಬಂತು. ‘ಮುಂಜಾನೆ ಸೇವಕಿ’ ಎಂಬ ಆ್ಯಪ್ ಅಂತೆ. ಒಮ್ಮೆ ಹಾಕಿಕೊಂಡರೆ ದಿನವೂ ಬೆಳಿಗ್ಗೆ ತಾನೇ ಹೊಸ ಚಿತ್ರ ಹುಡುಕಿ, ತಾನೇ ಎಲ್ಲರಿಗೂ ಕಳಿಸುತ್ತಾಳಂತೆ. ಪುಕ್ಕಟೆ. ಬೊಂಗ್‌ಛಿ ಅದನ್ನು ತೆಗೆದುಕೊಂಡು ಊರ ಸಭಾಂಗಣದಲ್ಲಿ ನಡೆಯುವ ಫೋನ್ ತರಗತಿಗೆ ಬಂದಳು. ಅಲ್ಲಿ ನಮಗೆ ಪಾಠ ಹೇಳುವವಳು ಪೇಯ್‌ಯೂ ಎಂಬ ಹುಡುಗಿ. ಬಲು ತಾಳ್ಮೆಯವಳು. ಒಂದೇ ಮಾತನ್ನು ನಾವು ಎಷ್ಟು ಸಲ ಕೇಳಿದರೂ ಹೊಸದಾಗಿ ಕೇಳಿದಂತೆ ಹೇಳುತ್ತಿದ್ದಳು.

ಪೇಯ್‌ಯೂ ಫೋನು ತಿರುಗಿಸಿ ನೋಡಿದಳು. “ಅಜ್ಜಿ, ಇದನ್ನ ಮಾಡಿದೋರು ಯಾರು ಅಂತ ಎಲ್ಲೂ ಇಲ್ಲ. ಒಂದು ಹೂವಿನ ಚಿತ್ರ ಕಳಿಸೋಕೆ ಇದು ನಿಮ್ಮ ಮೆಸೇಜೆಲ್ಲ ಓದ್ಬೇಕು ಅಂತಿದೆ. ಯಾಕೆ?”

“ಓದ್ಲಿ ಬಿಡು. ನನ್ನ ಮೆಸೇಜು ಓದಿದ್ರೆ ಕಿವಿ ಕೆಂಪಾಗೋದು ಅದಕ್ಕೇ.”

“ನಿಮ್ಮ ಪರವಾಗಿ ಮಾತಾಡೋಕೂ ಒಪ್ಪಿಗೆ ಕೇಳ್ತಿದೆ.”

“ಇಷ್ಟು ವರ್ಷದಲ್ಲಿ ನನ್ನ ಪರವಾಗಿ ಮಾತಾಡೋಕೆ ಒಬ್ಬರೂ ಬಂದಿಲ್ಲ ಮಗಳೇ. ಮಾತಾಡ್ಲಿ.”

ನಾವೆಲ್ಲ ನಕ್ಕೆವು. ಪೇಯ್‌ಯೂ ನಗಲಿಲ್ಲ. “ಸರಿ. ಆದ್ರೆ ಒಂದು ಮಾತು. ಯಾವುದನ್ನೇ ಹಾಕ್ಕೊಂಡ್ರೂ ಅದನ್ನ ನಿಲ್ಲಿಸೋದು ಹೇಗೆ ಅಂತ ಮೊದ್ಲು ನೋಡ್ಕೋಬೇಕು. ಇದರಲ್ಲಿ ನಿಲ್ಲಿಸೋ ಗುಂಡಿ ನಂಗೆ ಕಾಣ್ತಿಲ್ಲ. ಬೇಡ ಅಜ್ಜಿ. ತಡ ಆದ್ರೆ ಆಗ್ಲಿ, ನಿಮ್ಮ ಚಿತ್ರ ನೀವೇ ಕಳಿಸಿ. ಬೆರಳಿಗೆ ಬದಲು ಒತ್ತೋಕೆ ಒಂದು ಕಡ್ಡಿ ಸಿಗುತ್ತೆ, ಮುಂದಿನ ವಾರ ತಂದ್ಕೊಡ್ತೀನಿ.”

ಬೊಂಗ್‌ಛಿ ತಲೆಯಾಡಿಸಿದಳು. ಹೊರಗೆ ಬಂದವಳೇ ನನ್ನ ತೋಳು ಹಿಡಿದಳು. “ಹುಡುಗಿ ಒಳ್ಳೇದೇ ಹೇಳ್ತಾಳೆ. ಆದ್ರೆ ಹುಡುಗಿ ಮಾತು ಹುಡುಗಿ ಮಾತೇ. ನಡಿ, ಅಜ್ಜನ್ನ ಕೇಳೋಣ.”

ಅಜ್ಜ ಎಂದರೆ ಭೂಮಿಯಜ್ಜ, ನಮ್ಮ ದಂಡೆಯ ಮೂಲೆಯ ಸಣ್ಣ ಗುಡಿಯ ದೇವರು. ಹೊಸ ದೋಣಿಗೆ ಬಣ್ಣ ಯಾವುದು, ಸೊಸೆ ಯಾವ ಊರಿನವಳಾಗಬೇಕು, ಹಲ್ಲು ಕೀಳಿಸಬೇಕೋ ಬೇಡವೋ, ಎಲ್ಲವನ್ನೂ ನಾವು ಅವನನ್ನೇ ಕೇಳುವುದು. ಅರ್ಧಚಂದ್ರದ ಆಕಾರದ, ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬಿರುವ ಎರಡು ಕೆಂಪು ಮರದ ತುಂಡು ಇರುತ್ತವೆ. ಪ್ರಶ್ನೆ ಹೇಳಿ ಕೆಳಕ್ಕೆ ಬಿಡಬೇಕು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಹೌದು. ಎರಡೂ ಮಗುಚಿದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆ ಎಂದರ್ಥ, ಪ್ರಶ್ನೆ ಅವನಿಗೆ ಒಪ್ಪಿಗೆಯಾಗಿಲ್ಲ.

ಗುಡಿ ನೋಡಿಕೊಳ್ಳುವ ಮುದುಕ ಹ್ವೆಥ್ಯಮ್ ಊದುಬತ್ತಿ ಹಚ್ಚಿ ಕೊಟ್ಟ. ಬೊಂಗ್‌ಛಿ ಮಂಡಿಯೂರಿ ಫೋನನ್ನು ಹಣ್ಣಿನ ತಟ್ಟೆಯ ಪಕ್ಕ ಇಟ್ಟಳು.

“ಅಜ್ಜಾ, ನಾನು ದಂಡೆ ಕೆಳಗಿನ ಬೊಂಗ್‌ಛಿ. ಈ ಸೇವಕಿ ಒಳ್ಳೆಯವಳಾ?”

ತುಂಡುಗಳು ಬಿದ್ದವು. ಎರಡೂ ಅಂಗಾತ.

“ನಗ್ತಿದಾನೆ” ಎಂದ ಹ್ವೆಥ್ಯಮ್.

“ಯಾಕೆ ನಗ್ತಾನೆ? ಅವನತ್ರ ಫೋನಿದ್ಯಾ?”

“ನಿನ್ನ ಪ್ರಶ್ನೆ ಅವನಿಗೆ ಸಾಲ್ದು ತಾಯಿ. ಒಳ್ಳೆಯವಳಾ ಅಂದ್ರೆ ಯಾವುದಕ್ಕೆ ಒಳ್ಳೆಯವಳು? ನಿಂಗೇನು ಬೇಕೋ ಅದನ್ನ ಪೂರ್ತಿ ಹೇಳು.”

ಬೊಂಗ್‌ಛಿ ಗಂಟಲು ಸರಿ ಮಾಡಿಕೊಂಡಳು. “ಅಜ್ಜಾ, ಈ ಸೇವಕಿ ಒಂದು ದಿನವೂ ತಪ್ಪದಂಗೆ, ಒಂದು ಗಳಿಗೇನೂ ತಡ ಮಾಡದಂಗೆ, ನನ್ನ ಚಿತ್ರಾನ ಎಲ್ಲರಿಗೂ ಮುಟ್ಟಿಸ್ತಾಳಾ?”

ಒಂದು ಮಗುಚಿತು, ಒಂದು ಅಂಗಾತ. ಮತ್ತೆ ಹಾಕಿದಳು, ಮತ್ತೆ ಹೌದು. ಮೂರನೆಯ ಸಲವೂ ಹೌದು. ಮೂರು ಸಲ ಹೌದೆಂದ ಮೇಲೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಅಲ್ಲೇ ಗುಡಿಯ ಮೆಟ್ಟಿಲ ಮೇಲೆ ಕೂತು, ಮೂಗಿನಿಂದಲೇ ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ ಎಂದು ಒತ್ತುತ್ತ ಹೋದಳು.

ಮುಂದಿನ ವಾರ ಪೇಯ್‌ಯೂ ಕಡ್ಡಿ ತಂದುಕೊಟ್ಟಳು. ಬೊಂಗ್‌ಛಿ ಅದರಲ್ಲಿ ಬೆನ್ನು ಕೆರೆದುಕೊಂಡಳು.

ಸೇವಕಿ ಮಾತ್ರ ಹೇಳಿದ ಹಾಗೆ ನಡೆದುಕೊಂಡಳು. ಹುಂಜ ಕೂಗುವ ಮೊದಲೇ ಬೊಂಗ್‌ಛಿಯ ಕಮಲ ಎಲ್ಲರಿಗಿಂತ ಮುಂದೆ. ಆ ಕಮಲಗಳನ್ನೆಲ್ಲ ಅಳಿವೆಗೆ ಬಿಟ್ಟಿದ್ದರೆ ದೋಣಿ ಹೋಗಲು ಜಾಗವಿರುತ್ತಿರಲಿಲ್ಲ. ಹಿಂದೆ ತಡವಾಗಿ ಬರುತ್ತಿದ್ದವಳು ಈಗ ಶೆಡ್ಡಿಗೆ ಬಂದು ಬೇರೆಯವರಿಗೆ ಬೈಯುವಳು: “ಇನ್ನೂ ಚಿತ್ರ ಕಳಿಸಿಲ್ವಲ್ಲೇ, ಸತ್ತೆ ಅಂತ ಬಿಳಿ ಬಟ್ಟೆ ತೆಗೆದಿಟ್ಟಿದ್ದೆ.” ನಾನು ಅವಳ ಬಾಗಿಲು ಬಡಿಯುವುದು ನಿಂತುಹೋಯಿತು. ಬೆಳಿಗ್ಗೆ ಅವಳ ಗಂಜಿಯಲ್ಲಿ ನನಗೆ ಸಿಗುತ್ತಿದ್ದ ಸಿಹಿಗೆಣಸಿನ ಹೋಳೂ ನಿಂತಿತು. ದಿನವೂ ಶೆಡ್ಡಿನಲ್ಲಿ ಎದುರೆದುರು ಕೂರುವವರು ನಾವು. ನಿಂತದ್ದು ಗೊತ್ತೇ ಆಗಲಿಲ್ಲ.

ಆಮೇಲೆ ಆ ಚಂಡಮಾರುತ ಬಂತು.

ಮನೆ ಬಿಟ್ಟು ಹೊರಬರಬೇಡಿ ಎಂದು ಧ್ವನಿವರ್ಧಕದಲ್ಲಿ ಕೂಗಿಕೊಂಡು ಹೋದರು. ಶೆಡ್ಡಿನ ತಗಡು ಇಳಿಸಿ ಹಗ್ಗ ಕಟ್ಟಿದರು. ಸಿಂಪಿ ಗಾಡಿ ಇಲ್ಲ, ಕೆಲಸವಿಲ್ಲ. ದಂಡೆಯ ದಾರಿಯ ಮೇಲೆ ನೀರು. ಗಾಳಿ ಹೇಗಿತ್ತೆಂದರೆ, ನಮ್ಮ ಮನೆಯ ಬಾಣಲೆ ಹಾರಿಹೋಗಿ ಪಕ್ಕದ ಮನೆಯಲ್ಲಿ ಇಳಿದು, ಅವರು ಅದರಲ್ಲಿ ಮೊಟ್ಟೆ ಹುರಿದುಕೊಂಡು ತಿಂದರು. ನಾವೆಲ್ಲ ಒಳಗೆ ಕೂತು ಫೋನು ನೋಡುವುದೇ ಕೆಲಸ.

ಮೊದಲ ಬೆಳಿಗ್ಗೆ ಬೊಂಗ್‌ಛಿಯ ಸೂರ್ಯ ಬಂತು. ‘ಇಂದಿನ ಬಿಸಿಲು ನಿಮ್ಮ ಮನಸ್ಸನ್ನು ಬೆಳಗಲಿ.’ ಹೊರಗೆ ಆಕಾಶ ಹರಿದು ಸುರಿಯುತ್ತಿತ್ತು. ಗುಂಪಿನಲ್ಲಿ ಎಲ್ಲರೂ ನಕ್ಕರು. ಚಿತ್ರ ಕಳಿಸುವುದು ಸೇವಕಿ ಎಂದು ನನಗೆ ಗೊತ್ತಿತ್ತಲ್ಲ, ಅದಕ್ಕೆ ಮಾತು ಬರೆದು ಕೇಳಿದೆ: “ಅಕ್ಕ, ಹೇಗಿದೀಯ? ಮಾಡು ಗಟ್ಟಿ ಇದ್ಯಾ?”

ಸ್ವಲ್ಪ ಹೊತ್ತಿಗೆ ಉತ್ತರ ಬಂತು. “ನಾನು ಚೆನ್ನಾಗಿದ್ದೇನೆ. ನಿಮ್ಮ ಕಾಳಜಿಗೆ ಧನ್ಯವಾದ. ನೀವೂ ಜೋಪಾನ.”

“ಗಾಳಿಗೆ ಹೆದರಿ ನಾಲಿಗೆ ತೊಳ್ಕೊಂಡಿದಾಳೆ” ಎಂದು ನಾನು ಗುಂಪಿನಲ್ಲಿ ಬರೆದೆ. ಮತ್ತೆ ಎಲ್ಲರೂ ನಕ್ಕರು. ಅವಳ ತಂಗಿಯೂ ಪಟ್ಟಣದಿಂದ ಕೇಳಿದ್ದಳಂತೆ, ಅವಳಿಗೂ ಅದೇ ಉತ್ತರ. ತಂಗಿಗೂ ಸಮಾಧಾನವಾಯಿತು. ‘ನಿಮ್ಮ ಪರವಾಗಿ ಮಾತಾಡಲು’ ಎಂಬ ಆ ಒಪ್ಪಿಗೆ ಯಾರ ನೆನಪಿನಲ್ಲೂ ಇರಲಿಲ್ಲ. ಅಷ್ಟು ತಿಂಗಳಲ್ಲಿ ಸೇವಕಿ ಒಂದು ಮಾತೂ ಆಡಿರಲಿಲ್ಲ. ಒಡತಿ ಬಹಳ ಹೊತ್ತು ಫೋನು ಮುಟ್ಟದಿದ್ದರೆ ಮಾತ್ರ ಬಾಯಿ ತೆರೆಯುವವಳು ಅವಳು ಎಂದು ನಮಗೆ ಆಮೇಲೆ ತಿಳಿಯಿತು.

ಮರುದಿನವೂ ಗಾಳಿ. ಮರುದಿನವೂ ಕಮಲ, ಮರುದಿನವೂ ‘ಚೆನ್ನಾಗಿದ್ದೇನೆ’.

ಗಾಳಿ ಇಳಿದ ಬೆಳಿಗ್ಗೆ ನಾನು ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಕೂತು ಕೂತು ಬೇಸರವಾಗಿತ್ತು. ಅವಳನ್ನು ಕೆಣಕೋಣ, ಒಂದು ನಾಲ್ಕು ಬೈಗುಳ ಬಂದರೆ ಮೈ ಬಿಸಿಯಾಗುತ್ತದೆ ಎನಿಸಿ ಬರೆದೆ: “ಅಕ್ಕ, ನಿನ್ನ ಹುಂಜ ಇವತ್ತು ಕೂಗ್ಲಿಲ್ವಲ್ಲ. ಮೊಟ್ಟೆ ಇಡೋಕೆ ಕೂತಿದ್ಯಾ?”

ಅವಳ ಹುಂಜನ ಗಂಡಸುತನದ ಬಗ್ಗೆ ಮಾತಾಡಿ ಈ ಊರಿನಲ್ಲಿ ಯಾರೂ ಸುಮ್ಮನೆ ಮನೆಗೆ ಹೋಗಿಲ್ಲ. ಒಮ್ಮೆ ಹ್ವೆಥ್ಯಮ್ ಅಂದದ್ದಕ್ಕೆ ಅವನ ಪೊರಕೆಯನ್ನು ಕಿತ್ತುಕೊಂಡು ಅವನಿಗೇ ಬಾರಿಸಿದ್ದಳು.

ಉತ್ತರ ಬಂತು. “ನಿಮ್ಮ ಸವಿನುಡಿಗೆ ಧನ್ಯವಾದ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.”

ಬೆಳ್ಳುಳ್ಳಿಯ ಬುಟ್ಟಿ ನನ್ನ ಮಡಿಲಿನಿಂದ ಉರುಳಿತು. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ದಂಡೆಯ ಮೇಲೆ ಇನ್ನೂ ಮೊಣಕಾಲುದ್ದ ನೀರಿತ್ತು. ನಾನು ಆ ನೀರಿನ ಮೇಲೆಯೇ ಓಡಿದೆ ಎಂದು ನೋಡಿದವರು ಹೇಳುತ್ತಾರೆ. ಹ್ವೆಥ್ಯಮ್‌ನನ್ನು ಕೂಗಿದೆ, ಅವನೂ ಬಂದ.

ಬಾಗಿಲು ಬಡಿದೆವು. ಒಳಗಿನಿಂದ ಯಾರೂ ಬೈಯಲಿಲ್ಲ.

ಅವಳು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಬಳಿ ಬಿದ್ದಿದ್ದಳು. ಗಾಳಿ ಏಳುತ್ತಿದ್ದ ಹಾಗೇ ಹುಂಜನ ಗೂಡು ಒಳಗೆ ತರಲು ಹೋಗಿ ಪಾಚಿಯ ಮೇಲೆ ಜಾರಿ ಸೊಂಟ ಮುರಿದಿತ್ತು. ಸೂರಿನ ಕೆಳಗೆ ತೆವಳುವಷ್ಟು ತೆವಳಿದ್ದಳು. ಹುಂಜ ಅವಳ ತೋಳಿನ ಸಂದಿಯಲ್ಲಿ ಒದ್ದೆಯಾಗಿ ಕೂತಿತ್ತು. ಅವಳ ಮೈಯಲ್ಲಿ ಬಿಸಿ ಇದ್ದದ್ದು ಆ ಒಂದು ಜಾಗದಲ್ಲಿ ಮಾತ್ರ. ಫೋನು ಅಡುಗೆಮನೆಯಲ್ಲಿ, ತಂತಿ ಸಿಕ್ಕಿಸಿದ ಹಾಗೇ, ದೀಪ ಉರಿಸಿಕೊಂಡು ಆರಾಮಾಗಿತ್ತು.

ಆಸ್ಪತ್ರೆಯಲ್ಲಿ ಸೊಂಟಕ್ಕೆ ಏನೋ ಹಾಕಿದರು. ಆದರೆ ತಣ್ಣೀರು ಎದೆಗೆ ಇಳಿದಿತ್ತು. ಪೇಯ್‌ಯೂ ಬಂದು ಮಂಚದ ಪಕ್ಕ ಕೂತು, ಏನಾಯಿತೆಂದು ಕೇಳಿದ ಬೊಂಗ್‌ಛಿಗೆ ಮುಚ್ಚಿಡದೆ ಹೇಳಿದಳು. ಗದರಲಿಲ್ಲ.

ಬೊಂಗ್‌ಛಿ ಸೂರು ನೋಡುತ್ತ ಮಲಗಿದ್ದಳು. “ಬಿದ್ದಲ್ಲಿಂದ ನಂಗೆ ಕೇಳಿಸ್ತಿತ್ತು ಕಣೇ. ಟಿಂಗ್ ಅನ್ನೋದು. ಓ ಸೋಲ್ಯೆನ್ ಕೇಳ್ತಿದಾಳೆ, ಉತ್ತರ ಬರ್ಲಿಲ್ಲ ಅಂದ್ರೆ ಬರ್ತಾಳೆ ಅಂದ್ಕೋತಿದ್ದೆ. ಆಮೇಲೆ ಇನ್ನೊಂದು ಟಿಂಗ್. ಅದು ನಾನು ಉತ್ತರ ಕೊಟ್ಟಿದ್ದಾ?”

“ಹೂಂ ಅಕ್ಕ” ಎಂದೆ ನಾನು.

“ನಾನು ಕೂಗ್ತಾ ಇದ್ದೆ. ಎಷ್ಟು ಕೂಗ್ದೆ. ಗಾಳಿಗೆ ನನಗಿಂತ ದೊಡ್ಡ ಬಾಯಿ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. “ನನ್ನ ಹುಂಜನ ಬಗ್ಗೆ ಏನಂದೆ ನೀನು?”

“ಮೊಟ್ಟೆ ಇಡುತ್ತಾ ಅಂದೆ.”

“ಅದಕ್ಕೆ ನಾನೇನಂದೆ?”

“ನಿಮ್ಮ ಆಶೀರ್ವಾದ ನನ್ನ ಮೇಲಿರಲಿ ಅಂದೆ.”

“ಥೂ” ಎಂದಳು. “ಮಾನ ಹೋಯ್ತು.”

ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ದಾದಿ ಬಂದು ನಮ್ಮನ್ನು ಹೊರಗೆ ಕಳಿಸಿದಳು. ಅವಳ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದೇ. ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟಳು.

ಅಂತ್ಯಕ್ರಿಯೆಗೆ ಅವಳ ಮನೆಯ ಮುಂದೆಯೇ ಡೇರೆ ಹಾಕಿದ್ದರು. ಸತ್ತವರಿಗೆ ಮುಟ್ಟಲೆಂದು ಸುಡಲು ತಂಗಿ ಕಾಗದದ ಮನೆ ತಂದಿದ್ದಳು, ಕಾಗದದ ಕಾರು, ಒಂದು ಕಾಗದದ ಫೋನು. ಫೋನನ್ನು ನೋಡಿ ಹ್ವೆಥ್ಯಮ್ ತೆಗೆದು ಪಕ್ಕಕ್ಕಿಟ್ಟ. “ಇದು ಬೇಡ ತಾಯಿ. ಅಲ್ಲಾದ್ರೂ ಅವಳೇ ಬಾಯಿಬಿಟ್ಟು ಮಾತಾಡ್ಲಿ” ಎಂದ. ಭಿಕ್ಷುಣಿಯರು ಮಂತ್ರ ಹೇಳುತ್ತಿದ್ದರು. ಬೆಳಕು ಆಗಷ್ಟೇ ಹರಿಯುತ್ತಿತ್ತು. ಆಗ ನನ್ನ ಜೇಬಿನಲ್ಲಿ ಟಿಂಗ್. ಪಕ್ಕದವಳದ್ದು ಟಿಂಗ್. ಡೇರೆಯ ತುಂಬ, ಒಂದರ ಹಿಂದೊಂದು. ತಂಗಿಯದ್ದೂ.

ಯಾರೂ ತೆಗೆದು ನೋಡಬೇಕಾಗಿರಲಿಲ್ಲ. ಆದರೂ ತೆಗೆದೆವು. ಗುಲಾಬಿ ಬಣ್ಣದ ಕಮಲ, ಎಲೆಯ ಮೇಲೆ ಇಬ್ಬನಿ. ‘ಬೊಂಗ್‌ಛಿ: ಶುಭೋದಯ. ನಾನು ಚೆನ್ನಾಗಿದ್ದೇನೆ, ನೀವು?’

ಭಿಕ್ಷುಣಿಯರು ಮಂತ್ರ ನಿಲ್ಲಿಸಿದರು. ತಂಗಿ ಫೋನನ್ನು ಎದೆಗೊತ್ತಿಕೊಂಡು ನೆಲಕ್ಕೆ ಕೂತುಬಿಟ್ಟಳು.

ಆಸ್ಪತ್ರೆಯ ಓಡಾಟದಲ್ಲಿ ಯಾರಿಗೂ ನೆನಪಾಗದ ಅವಳ ಫೋನನ್ನು ಅವತ್ತು ಆರಿಸಿದೆವು. ಮರುದಿನವೂ ಚಿತ್ರ ಬಂತು. ಪೇಯ್‌ಯೂ ಹೇಳಿದಳು: “ಅದು ಈಗ ಫೋನಲ್ಲಿಲ್ಲ ಅಜ್ಜಿ. ಅವರ ಹೆಸರನ್ನೇ ತಗೊಂಡು ಬೇರೆಲ್ಲೋ ಕೂತಿದೆ. ಖಾತೆಯನ್ನೇ ಮುಚ್ಚಿಸ್ಬೇಕು. ತಂಗಿ ಸಹಿ ಹಾಕಿದ್ರೆ ಆಗುತ್ತೆ.” ತಂಗಿ ಹಾಕುತ್ತೇನೆ ಎಂದವಳು, ನಾಳೆ ಎಂದಳು. ನಾವೂ ಯಾರೂ ಅವಸರ ಮಾಡಲಿಲ್ಲ. ಸುಳ್ಳೇ ಆಗಲಿ, ಬೆಳಿಗ್ಗೆ ಎದ್ದರೆ ಆ ಹೆಸರು ಮೊದಲು ಕಾಣುತ್ತಿತ್ತು. ನಾನು ಹಲ್ಲುಜ್ಜುವ ಮೊದಲು ಅದನ್ನೇ ನೋಡುತ್ತಿದ್ದೆ.

ಆದರೆ ಸೇವಕಿ ಪುಕ್ಕಟೆಗೆ ದುಡಿಯುವವಳಲ್ಲ. ಒಂದು ದಿನ ಕಮಲದ ಕೆಳಗೆ ಇನ್ನೊಂದು ಸಾಲು ಬಂತು. ‘ಗೆಳತಿಯರೇ, ನನ್ನ ಸೊಂಟನೋವು ಈ ಎಣ್ಣೆಯಿಂದ ಪೂರ್ತಿ ಮಾಯವಾಯಿತು. ಕೊಳ್ಳಲು ಇಲ್ಲಿ ಒತ್ತಿರಿ.’

ಅವತ್ತೇ ತಂಗಿ ಸಹಿ ಹಾಕಿದಳು. ಕಡೆಯದಾಗಿ ಬಂದದ್ದು ಒಂದು ಸೂರ್ಯ, ಅದರ ಮುಂದೆ ಎರಡು ಹಕ್ಕಿ. ಮಾರನೆಯ ಬೆಳಿಗ್ಗೆ ಫೋನು ಸುಮ್ಮನಿತ್ತು. ಗುಂಪಿನಲ್ಲಿ ಯಾರೂ ಏನೂ ಕಳಿಸಲಿಲ್ಲ. ಎಲ್ಲರೂ ಬದುಕಿದ್ದೆವು, ಆದರೂ ಕಳಿಸಲಿಲ್ಲ.

ನಾನು ಗುಡಿಗೆ ಹೋಗಿ ಹ್ವೆಥ್ಯಮ್‌ನ ಮುಂದೆ ಜಗಳಕ್ಕೆ ನಿಂತೆ. “ನಿನ್ನ ಅಜ್ಜ ಸುಳ್ಳು ಹೇಳ್ದ.”

ಮುದುಕ ಬೂದಿ ಕೆದಕಿದ. “ಸುಳ್ಳೆಲ್ಲಿ ಹೇಳ್ದ? ಒಂದು ದಿನವೂ ತಪ್ಪದೆ ಚಿತ್ರ ಮುಟ್ಟುತ್ತಾ ಅಂತ ಕೇಳಿದ್ಲು. ಮುಟ್ತು. ಸತ್ತ ಮೇಲೂ ಮುಟ್ತು. ‘ನಾನು ಬಿದ್ದಾಗ ಇವಳು ಏನು ಮಾಡ್ತಾಳೆ’ ಅಂತ ಅವಳು ಕೇಳ್ಲಿಲ್ಲ. ಮೊದ್ಲು ನಕ್ಕನಲ್ಲ, ಆಗ್ಲೇ ನಾವು ಎದ್ದು ಬರಬೇಕಿತ್ತು. ಪ್ರಶ್ನೆ ತಿದ್ದು ಅಂತ ಹೇಳಿದೋನು ನಾನು.” ಅವನ ಕಣ್ಣು ತುಂಬಿತ್ತು. ಹೊಗೆಗೆ ಎಂದ. ಊದುಬತ್ತಿ ಹಚ್ಚಿರಲಿಲ್ಲ.

ಈಗ ನಾವು ಫೋನಿಗೆ ಏನಾದರೂ ಹಾಕಿಕೊಳ್ಳುವ ಮುಂಚೆ ಪೇಯ್‌ಯೂ ಹತ್ತಿರ ಹೋಗುತ್ತೇವೆ. ಮಾಡಿದವರು ಯಾರು, ನಿಲ್ಲಿಸುವುದು ಹೇಗೆ, ನಾನು ಎದ್ದೇಳಲಾರದ ದಿನ ಇದು ಏನು ಹೇಳುತ್ತದೆ ಎಂದು ಕೇಳುತ್ತೇವೆ. ಅವಳು ಬೇಡವೆಂದರೆ ಬೇಡ. ದೇವರ ಹತ್ತಿರ ಹಲ್ಲು ಮತ್ತು ಸೊಸೆಯ ವಿಷಯ ಮಾತ್ರ. ಹುಂಜವನ್ನು ನಾನೇ ತಂದಿಟ್ಟುಕೊಂಡಿದ್ದೇನೆ. ಅದು ಚೆನ್ನಾಗಿಯೇ ಕೂಗುತ್ತದೆ. ಅದರ ಬಗ್ಗೆ ಯಾರಾದರೂ ಏನಾದರೂ ಅಂದರೆ ಬೈಯುವುದಕ್ಕೆ ನನ್ನ ಬಾಯಿ ಸಾಲದು.

ಆಯಿತು, ಇಷ್ಟೇ. ಕಣ್ಣು ಒರೆಸಿಕೊಳ್ಳಿ, ಆದರೆ ಏಳಬೇಡಿ. ಕಥೆ ಕೇಳಲು ಬಂದವರು ನೋಡದೆ ಬಂದು ಕೂತಿದ್ದೀರಲ್ಲ ಆ ಮೋಟು ಸ್ಟೂಲು, ಅದು ಬೊಂಗ್‌ಛಿಯದು. ಅವಳು ಹೋದ ಮೇಲೆ ಅದರ ಮೇಲೆ ಯಾರೂ ಕೂತಿರಲಿಲ್ಲ, ನೀವು ಕೂತಾಗ ನಾನೂ ಬೇಡವೆನ್ನಲಿಲ್ಲ. ಅಲ್ಲಿ ಕೂತವರು ಅವಳ ಪಾಲಿನ ಮೂಟೆ ಬಿಡಿಸಿ ಏಳಬೇಕು. ಇಗೋ ಚಾಕು. ಸಣ್ಣವುಗಳಿಂದ ಶುರು ಮಾಡಿ. ಮತ್ತೆ, ಬೆರಳು ಕೊಯ್ದುಕೊಂಡರೆ ಬಾಯಿಬಿಟ್ಟು ಬೈಯಿರಿ, ನಾವು ಕೇಳಿ ಬಹಳ ದಿನವಾಯಿತು.